ಅರಿಶಿಣ ಹಚ್ಚಿಸಿಕೊಂಡ ಪೈಪು

೧೪ ಡಿಸೆಂಬರ್ ೨೦೨೫, ಭಾನುವಾರ. ಬೋರಗಾಂವ.

ನಾಳೆ ನನ್ನ ಹೆಂಡತಿ ಸ್ನೇಹಲ ಅಥಣಿಯ ಕಾಲೇಜಿನಲ್ಲಿ ಮೊದಲ ಪಾಠ ಮಾಡಬೇಕು, ಕಾರು ಓಡಲೇಬೇಕು. ನಾನೋ ಇವತ್ತೇ ಅಂಗಳದಲ್ಲಿ ಮಲಗಿ ಎಂಜಿನ್ನಿಗೆ ಗಾಳಿ ಊದುವ ಟರ್ಬೊದ ಹಳೆಯ ಎಕ್ಸಾಸ್ಟ್ ಪೈಪು ಬಿಚ್ಚಿ, ತರಿಸಿದ್ದ ದಪ್ಪ ಪೈಪು ಕೂರಿಸಿದೆ. ತುಕ್ಕು ಹಿಡಿದ ಬೋಲ್ಟುಗಳು ಮನೆಯ ಮಗ್ಗಕ್ಕೆ ಹಾಕುವ ಎಣ್ಣೆಗೆ ಸಡಿಲಾದವು. ನನ್ನ ಸೊಂಟ ಯಾವ ಎಣ್ಣೆಗೂ ಸಡಿಲಾಗಲಿಲ್ಲ.

ಸಂಜೆ ಸ್ಟಾರ್ಟ್ ಮಾಡಿದರೆ ಬಾನೆಟ್ಟಿನ ತುಂಬ ಹೊಗೆ! ಟರ್ಬೊ ಸತ್ತಿತೆಂದು ನಾನೂ ಅರ್ಧ ಸತ್ತೆ.

“ಅಂಜಬ್ಯಾಡೋ, ಹೊಸಾ ಸಾಮಾನಂತ ನಾನ ಎಣ್ಣಿ-ಅರಿಶಿಣ ಹಚ್ಚೀನಿ,” ಎಂದಳು ಅವ್ವ.

“ಅತ್ತೀ, ಪೈಪಿಗೆ ಲಗ್ನಾ ಮಾಡಾಕತ್ತೀರೇನ್ರಿ?” ಸ್ನೇಹಲ ನಕ್ಕಳು.

ಹತ್ತು ನಿಮಿಷಕ್ಕೆ ಅರಿಶಿಣವೆಲ್ಲ ಉರಿದು ಹೊಗೆ ನಿಂತಿತು. ಎಂಜಿನ್ನು ಗಂಭೀರವಾಗಿ ಗುನುಗತೊಡಗಿತು. ಸ್ನೇಹಲ ಒಬ್ಬಳೇ ಊರು ಸುತ್ತಿ ಬಂದಳು. ನಾನು ಕೈ ಚಾಚಿದರೂ ಕೀಲಿ ಕೊಡಲಿಲ್ಲ.

“ನಾಳೆ ನೀವು ಆರಾಮ ಮಲಕೋರಿ. ಕಾರು ನಾನ ಒಯ್ತೀನಿ,” ಎಂದು ಕೀಲಿಯನ್ನು ತನ್ನ ಪರ್ಸಿಗೆ ಹಾಕಿಕೊಂಡಳು.