ರವಿವಾರಕ್ಕೊಮ್ಮೆ ಬೀಳುವ ಧಬಧಬೆ

೪ ಜನವರಿ ೧೯೫೪, ಸೋಮವಾರ. ಸುಲೇಪೇಟ

ನಿನ್ನೆ, ರವಿವಾರ, ಬೆಳಿಗ್ಗೆ ಹತ್ತು ಗಂಟೆಗೆ ಹುಲಿಹಳ್ಳದ ಧಬಧಬೆಯನ್ನು ಹೈದರಾಬಾದಿನವರಿಗಾಗಿ ಬಿಟ್ಟರು. ಜಲಪಾತವನ್ನು, ನಲ್ಲಿ ಬಿಟ್ಟ ಹಾಗೆ. ಆರು ದಿನ ಮೇಲಿನ ಬಂಡೆಗಳ ಸಂದಿಗೆ ಹಲಗೆ ಹಾಕಿ ಹಳ್ಳ ಕಟ್ಟುವುದು, ಏಳನೆಯ ದಿನ ಹಲಗೆ ಎತ್ತುವುದು. ಎರಡು ತಾಸು ಭೋರ್ಗರೆತ, ಪಿಕ್ನಿಕ್, ಫೋಟೋ. ಮತ್ತೆ ಹಲಗೆ.

ಕೆಳಗೆ ತುಮ್ಮನಪಲ್ಲಿ ಇದೆ. ನೆಲವೆಲ್ಲ ಕಲ್ಲುಹಾಸು, ಊರಿಗೆ ಬಾವಿಯಿಲ್ಲ. ಹೆಂಗಸರು ಹಳ್ಳದ ಉಸುಕಿನಲ್ಲಿ ವರತಿ ತೋಡುತ್ತಾರೆ. ಆ ಗುಂಡಿಯಲ್ಲಿ ಜಿನುಗಿದ ನೀರನ್ನು ಬಟ್ಟಲಿನಿಂದ ಗೋರಿ ಗೋರಿ ಕೊಡ ತುಂಬುತ್ತಾರೆ. ಹಳ್ಳ ಆರು ದಿನ ನಿಂತರೆ ವರತಿ ಬತ್ತುತ್ತದೆ. ಏಳನೆಯ ದಿನ ನೀರು ನುಗ್ಗಿ ವರತಿಯನ್ನೇ ಹೂತುಬಿಡುತ್ತದೆ.

ಮೂವತ್ತೊಂದು ವರ್ಷ ಮೋಜಣಿ ಖಾತೆಯಲ್ಲಿದ್ದು ಈ ಸೀಮೆಯ ಹೊಲ ಹಳ್ಳ ಎಲ್ಲ ಅಳೆದವನು ನಾನು. ಫಸಲಿ ೧೩೩೦ರ ಬರದಲ್ಲೂ, ಮೂವತ್ತಮೂರು ವರ್ಷದ ಹಿಂದೆ, ಈ ಹಳ್ಳ ನಿಂತಿರಲಿಲ್ಲ. ಈಗ, ಮಳೆ ಚೆನ್ನಾಗಿ ಆದ ವರ್ಷ, ನಿಂತಿದೆ!

ಚಹಾ ಆರಿಹೋಯಿತು. ಒಳಗಿನಿಂದ ನನ್ನ ಹೆಂಡತಿ ಸೂಗಮ್ಮ — "ಮುಂಜಾನೆದ್ದು ಯಾರ ಮ್ಯಾಲ ಅರ್ಜಿ ಬರಿಲಿಕತ್ತೀರಿ? ಸರ್ಕಾರ ಬದಲಾಯ್ತು, ನಿಮ್ಮ ಅರ್ಜಿ ಬದಲಾಗ್ಲಿಲ್ಲ."

೬ ಜನವರಿ

ಹೈದರಾಬಾದಿನ ರವಿವಾರ ವಿಹಾರ ಮಂಡಳಿಯ ಬುಕ್‌ಲೆಟ್ ಸಿಕ್ಕಿತು. ಇಷ್ಟಕ್ಕೆಲ್ಲ ಮೂಲ ಆ ಮಂಡಳಿಯೇ. 'ನಗರದ ಸಮೀಪ, ಯಾರೂ ಕಾಣದ ಹನ್ನೆರಡು ರಮ್ಯ ತಾಣಗಳು.' ಯಾರೂ ಕಾಣದ... ತುಮ್ಮನಪಲ್ಲಿಯವರು ಯಾರೂ ಅಲ್ಲ ಎಂದಾಯಿತು.

ಏಳನೆಯ ತಾಣ ನಮ್ಮದು. 'ತಾಂಡೂರು ಸ್ಟೇಷನ್ನಿನಿಂದ ಬಸ್ಸು. ವರ್ಷವಿಡೀ ಧುಮುಕುವ ಜಲಪಾತ.' ಸುಳ್ಳು. ದೀಪಾವಳಿ ಕಳೆದ ಮೇಲೆ ಅದು ಬಂಡೆಯ ಮೇಲೆ ತೆಳ್ಳಗೆ ಇಳಿಯುವ ನೀರು, ಎಮ್ಮೆ ಮೈ ತೊಳೆಯುವಷ್ಟು. ಪುಸ್ತಕ ತಪ್ಪಾದರೆ ಪುಸ್ತಕ ತಿದ್ದಬೇಕು. ಇವರು ಹಳ್ಳ ತಿದ್ದಿದರು.

೧೦ ಜನವರಿ, ರವಿವಾರ

ಹೋಗಿ ಬಂದೆ. ಹಲಗೆ ಕಾಯುವವನು ಖಂಡೆಪ್ಪ. ತುಮ್ಮನಪಲ್ಲಿಯವನೇ! ಕೇಳಿಯೇಬಿಟ್ಟೆ.

"ನಿಮ್ಮೂರ ನೀರು ನೀನೇ ಕಟ್ತೀ ಏನೋ?"

"ನಾ ಎಲ್ಲಿ ಕಟ್ಟೀನ್ರಿ ಸಾಹೇಬ್ರ? ಹಲಗಿ ಕಟ್ಟ್ಯಾವ. ನಾ ಎತ್ತಾಂವ ಅಷ್ಟೇ."

ಅವನ ಅಣ್ಣನ ಹೆಂಡತಿ ಅಮೃತಮ್ಮ ಖಾಲಿ ಕೊಡ ಹಿಡಿದು ಪಕ್ಕದಲ್ಲೇ ನಿಂತಿದ್ದಳು. "ಎತ್ತಾಂವ! ಮನ್ಯಾಗ ಉಂಡ ತಾಟು ಎತ್ತಂಗಿಲ್ಲ ಇಂವ. ಇಲ್ಲಿ ಹೈದ್ರಾಬಾದ್ ಮಂದಿಗಿ ಹಳ್ಳಾನೇ ಎತ್ತಿ ಕೊಡ್ತಾನ."

"ವೈನಿ, ಮಂದಿ ಮುಂದ ಮರ್ಯಾದಿ ತೆಗಿಬ್ಯಾಡ."

"ಇದ್ರ ಕೊಡದಾಗ ಹಾಕು ನಿನ್ನ ಮರ್ಯಾದಿ. ಒಯ್ದು ಕುಡಿತೀವಿ."

ಅಷ್ಟರಲ್ಲಿ ಮಂಡಳಿಯ ಸೆಕ್ರೆಟರಿ ಬಂದ, ಕುತ್ತಿಗೆಗೆ ಕ್ಯಾಮೆರಾ. "ಆಯಿಯೇ ಬಸವಂತರಾವ್ ಸಾಬ್! ಸಬ್ ಆಪ್ ಕೀ ಮೆಹರಬಾನಿ!" ಎಂದು ಎಲ್ಲರೆದುರು ನನ್ನ ಕೈ ಕುಲುಕಿದ. ಎಲ್ಲ ನನ್ನ ದಯೆಯಂತೆ! ಬಿಡಿಸಿಕೊಂಡು ಬಂದೆ. ಅಮೃತಮ್ಮ ನೋಡುತ್ತಲೇ ಇದ್ದಳು.

೧೩ ಜನವರಿ

ಬರೆಯಲೇಬೇಕು. ಕಳೆದ ಆಗಸ್ಟಿನಲ್ಲಿ ಆ ಸೆಕ್ರೆಟರಿಯನ್ನು ಧಬಧಬೆಗೆ ಕರೆದೊಯ್ದವನು ನಾನೇ. ಶಹಾಬಾದಿನ ಕಲ್ಲು, ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವುದು — ಪಟ್ಟಣದವರಿಗೆ ನಮ್ಮ ಸೀಮೆ ಎಂದರೆ ಇಷ್ಟೇ. ಒಬ್ಬನಾದರೂ ನೋಡಲು ಬಂದನಲ್ಲ ಎಂದು ಹಿಗ್ಗಿದೆ. ಚಳಿಗಾಲದಲ್ಲೂ ನೀರು ಹೀಗೇ ಇರುತ್ತದೆಯೇ ಎಂದ. ಇರುವುದಿಲ್ಲ ಎಂದು ಸುಮ್ಮನಿರಬಹುದಿತ್ತು. ಕೋಲಿನಿಂದ ಬಂಡೆಗಳ ಸಂದಿ ತೋರಿಸಿ, "ಇಲ್ಲಿ ನಾಲ್ಕು ಹಲಗೆ ಇಳಿಸಿದರೆ ಸಾಕು" ಎಂದೆ. ಜಾಣತನ! ಅಗಲ ಹನ್ನೊಂದು ಅಡಿ ಎಂದೂ ಹೇಳಿದೆ. ಅವನು ಅಳತೆ ಕೇಳಿಯೇ ಇರಲಿಲ್ಲ.

ಸೂಗಮ್ಮನಿಗೆ ಹೇಳಿಲ್ಲ.

೧೭ ಜನವರಿ, ರವಿವಾರ, ಮಧ್ಯಾಹ್ನ ಮೂರು

ಅಮೃತಮ್ಮನ ಕೈ ಮುರಿದಿದೆ. ಬಲಗೈ.

ಹಲಗೆ ಎತ್ತುವುದು ಹತ್ತಕ್ಕೆ. ಹೆಂಗಸರು ಅಷ್ಟರೊಳಗೆ ಉಸುಕಿನಿಂದ ಮೇಲೆ ಬಂದುಬಿಡುತ್ತಾರೆ. ಇವತ್ತು ಒಂಬತ್ತಕ್ಕೇ ಬಿಸಿಲು ಫೋಟೋಕ್ಕೆ ಸೊಗಸಾಗಿತ್ತಂತೆ. ಎತ್ತು ಎಂದ ಸೆಕ್ರೆಟರಿ. "ವೈನಿ ಕೆಳಗ ಅದಾಳ್ರಿ, ಇನ್ನಾ ಹೆಣ್ಮಕ್ಕಳು ಅದಾರ್ರಿ" ಎಂದ ಖಂಡೆಪ್ಪ. ಕೂಗಿ ಹೇಳು, ಎತ್ತು ಎಂದ ಸೆಕ್ರೆಟರಿ. ನಾನು ಅಲ್ಲೇ ಇದ್ದೆ. ತಡೆಯಿರಿ ಎಂದೆ.

ಒಂದೇ ಸಲ ಎಂದೆ.

ಖಂಡೆಪ್ಪ ಕೂಗಿದ, ಹಲಗೆ ಎತ್ತಿದ. ಉಳಿದವರು ದಡ ಹತ್ತಿದರು. ಅವಳು ಕೊಡ ಎತ್ತಿಕೊಳ್ಳಲು ಬಾಗಿದ್ದಳು. ನೀರು ಒಯ್ದು ಬಂಡೆಗೆ ಬಡಿಯಿತು. ಗಾಡಿಯಲ್ಲಿ ಮಲಗಿಸಿ ಚಿಂಚೋಳಿಗೆ ಒಯ್ಯುವಾಗ ಖಂಡೆಪ್ಪ ಗಾಲಿಯ ಪಕ್ಕ ಅಳುತ್ತ ಓಡುತ್ತಿದ್ದ. ಅವಳು — "ಅಳಬ್ಯಾಡೋ ಖಂಡ್ಯಾ. ಕೊಡ ಎಲ್ಲಿಗಿ ಹೋಯ್ತು ನೋಡು ಮೊದ್ಲ."

೨೩ ಜನವರಿ

ಆರು ದಿನ ಪೆನ್ನು ಮುಟ್ಟಲಿಲ್ಲ.

ಮಂಡಳಿ ಬೋರ್ಡ್ ಹಾಕಿದೆ. ಇಂಗ್ಲಿಷಿನಲ್ಲಿ, ಉರ್ದುವಿನಲ್ಲಿ: 'ಅಪಾಯ. ರವಿವಾರ ಹತ್ತರಿಂದ ಹನ್ನೆರಡರವರೆಗೆ ಹಳ್ಳಕ್ಕೆ ಇಳಿಯಬಾರದು.' ತುಮ್ಮನಪಲ್ಲಿಯ ಹೆಂಗಸರಿಗೆ ಓದು ಬರುವುದಿಲ್ಲ. ಬಂದಿದ್ದರೂ, ನೀರು ಬಿಟ್ಟದ್ದು ಒಂಬತ್ತಕ್ಕೆ!

ಮಂಡಳಿಯ ಹೇಳಿಕೆಯೂ ಬಂದಿದೆ: 'ಕಾವಲುಗಾರ ಅಪ್ಪಣೆಯಿಲ್ಲದೆ ಹಲಗೆ ಎತ್ತಿದ.' ಪೊಲೀಸರು ಖಂಡೆಪ್ಪನಿಗೆ ಮಂಗಳವಾರ ಬರಹೇಳಿದ್ದಾರೆ. ಮನೆಗೆ ಬಂದಿದ್ದ. ಕೂರು ಎಂದರೂ ಕುಳಿತುಕೊಳ್ಳಲಿಲ್ಲ.

"ನೀವ್ ಅಲ್ಲೇ ಇದ್ರಿ ಸಾಹೇಬ್ರ. ಕೇಳೀರಿ."

"ಹೇಳ್ತೀನೋ. ಯಾರ ಮುಂದ ಬೇಕಾದ್ರೂ ಹೇಳ್ತೀನಿ."

"ಎಲ್ಲಾ ಹೇಳ್ತೀರಿ?"

"ಎಲ್ಲಾ ಅಂದ್ರ?"

"ಹಲಗಿ ಅಳತಿ ಯಾರು ಕೊಟ್ರು ಅಂತ ಅವ್ರು ತಿರುಗಿ ಕೇಳ್ತಾರ್ರಿ. ಅವಾಗ ನೀವು ಸುಮ್ಮಾದ್ರ ನಾ ಒಬ್ಬನೇ ಉಳಿತೀನಿ."

ಗೊತ್ತಿತ್ತು ಅವನಿಗೆ. ಮೊದಲಿನಿಂದಲೂ. ಒಳಗೆ ಸೂಗಮ್ಮ ರೊಟ್ಟಿ ಬಡಿಯುವ ಸದ್ದು ನಿಂತಿತು.

೨೫ ಜನವರಿ, ಸೋಮವಾರ, ಬೆಳಿಗ್ಗೆ ಏಳು

ಅರ್ಜಿಯಲ್ಲ. ಅರ್ಜಿ ಹಾಕಿದರೆ ಕಡತದ ಕಟ್ಟಿನೊಳಗೆ ಕಟ್ಟಿ ಇಡುತ್ತಾರೆ; ಬಲ್ಲೆ, ನಾನೂ ಎಷ್ಟೋ ಕಟ್ಟಿ ಇಟ್ಟವನು. ಸೆಕ್ರೆಟರಿಗೆ ಬಹಿರಂಗ ಪತ್ರ. ಪೊಲೀಸರಿಗೆ ಒಂದು ಪ್ರತಿ. ಸುಲೇಪೇಟದ ಸಂತೆಯಲ್ಲಿ ನಿಂತು ನಾನೇ ಓದುವುದು.

ಮೂರು ಹಾಳೆ ಬರೆದು ಸೂಗಮ್ಮನಿಗೆ ಓದಿ ಹೇಳಿದೆ. ಕೇಳಿದಳು. "ಭಾಳ ಛಂದ ಬೈದೀರಿ. ನಿಮ್ಮ ಹೆಸರು ಎಲ್ಲಿ ಅದ ರೀ ಇದ್ರಾಗ?"

"ಕೆಳಗ, ಸಹಿಯಾಗ."

"ಮ್ಯಾಲ ಹಾಕ್ರಿ. ಆಮ್ಯಾಲ ಬೈರಿ."

ಹರಿದು ಹಾಕಿದೆ. ಮತ್ತೆ, ಮೊದಲಿನಿಂದ:

'ಹುಲಿಹಳ್ಳ ಕಟ್ಟುವ ಜಾಗ ತೋರಿಸಿದವನು, ಅದರ ಅಳತೆ ಕೊಟ್ಟವನು, ಸುಲೇಪೇಟದ ಬಸವಂತರಾಯನಾದ ನಾನು. ಜನವರಿ ಹದಿನೇಳರಂದು ನಾನು ಒಂದೇ ಸಲ ತಡೆಯಿರಿ ಎಂದೆ. ನೂರು ಸಲ ಕೂಗಬೇಕಿತ್ತು. ಇದು ನನ್ನ ಪಾಲಿನ ಉತ್ತರ. ಇನ್ನು ನಿಮ್ಮದು. ಒಂದು ಊರು ಕುಡಿಯುವ ನೀರನ್ನು ಯಾರ ಅಪ್ಪಣೆಯಿಂದ ಕಟ್ಟಿದಿರಿ? ಕೆಳಗೆ ಹೆಂಗಸರಿದ್ದಾರೆ ಎಂದು ಖಂಡೆಪ್ಪ ಹೇಳಿದ ಮೇಲೂ ಎತ್ತು ಎಂದವರು ಯಾರು? ಕಾಗದದಲ್ಲಿ ಬೇಡ. ಇದೇ ಸಂತೆಗೆ ಬನ್ನಿ, ಅಮೃತಮ್ಮನ ಎದುರು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿ.'