ದ್ರಾಕ್ಷಿ ತೋಟದಲ್ಲಿ ಪಂಕ್ಚರ್

ಬಸ್ ನಿಲ್ದಾಣದ ಎದುರಿನ ವಸತಿಗೃಹ, ಮೂರನೇ ಮಹಡಿ
ಅಕ್ಟೋಬರ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲಾ ಅದನ್ನೂ ಯಾವುದೋ ಗಿರಾಕಿಗೆ ಕ್ಯಾರಿಯರ್ ಮೇಲೆ ಸಾಮಾನು ಬಿಗಿದುಕೊಳ್ಳಲು ಕೊಟ್ಟುಬಿಟ್ಟೆಯೋ? ನೀನು ಕೊಟ್ಟಿರುತ್ತೀಯ, ನನಗೆ ಗೊತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು. ಸೈಕಲ್ ಅಂಗಡಿ ಹಿಂದಿನ ಕೋಣೆಯ ಕಿಟಕಿಗೆ ಗಾಜು ಹಾಕಿಸಿದೆಯಾ? ಚಳಿ ಶುರುವಾಗುವ ಮೊದಲು ಹಾಕಿಸು, ರಟ್ಟು ಅಡ್ಡ ಇಟ್ಟು ಈ ವರ್ಷವೂ ತಳ್ಳಿಬಿಡಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ಮಗುವಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಮಾತಾಡಿದರೆ ಅರ್ಧ ಗಾಳಿಯೇ ಬರುತ್ತದೆ, ಆದರೂ ಬಾಯಿ ಮುಚ್ಚುವುದಿಲ್ಲ.

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲ. ಕೈಗೆ ಸಿಗಲಿಲ್ಲ, ಪುರುಸೊತ್ತಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಅದು ನನ್ನ ಕೈಚೀಲದಲ್ಲೇ ಇದೆ, ಮಡಿಕೆ ಹರಿಯುವಷ್ಟು ಸಲ ಓದಿದ್ದೇನೆ. ನೀನು ಕೇಳಿದ್ದು ಒಂದೇ ಮಾತು. "ಮಗೂಗೆ ಏಳು ತುಂಬ್ತು. ಸೈಕಲ್ ಕಲಿಸೋಕೆ ನಾನು ಬರಲಾ? ನೀನು ಬೇಡ ಅಂದ್ರೆ ಬೇಡ, ಬೇಜಾರಿಲ್ಲ." ಅದರ ಕೆಳಗೆ, ನಾನು ಚಿಕ್ಕವಳಿದ್ದಾಗ ನೀನು ಮನೆಗೆ ಬರುವ ಹೊತ್ತಿಗೆ ಬಾಗಿಲಿಗೆ ಓಡಿ ಬಂದು ತಬ್ಬಿಕೊಳ್ಳುತ್ತಿದ್ದುದು ಈಗಲೂ ನೆನಪಾಗುತ್ತದೆ ಎಂದು ಬರೆದಿದ್ದೆ. ಮೊದಲನೆಯದಕ್ಕೆ ಹೇಗೋ ಉತ್ತರ ಕೊಡಬಹುದಿತ್ತು. ಆ ಎರಡನೆಯದನ್ನು ಓದಿದ ಮೇಲೆ ನನ್ನ ಕೈ ಏಳಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ, ಸ್ವಲ್ಪ ತಾಳು.

ನಾನೀಗ ಎಲ್ಲಿದ್ದೇನೆಂದರೆ ನೀನು ನಗುತ್ತೀಯ. ವೈನ್ ತಯಾರಿಸುವ ಸೀಮೆಯಲ್ಲಿ. ಜೀವಮಾನದಲ್ಲಿ ಒಂದು ತೊಟ್ಟು ಬಾಯಿಗೆ ಹಾಕದ ನಾನು, ಕಣ್ಣು ಹಾಯುವಷ್ಟು ದೂರ ದ್ರಾಕ್ಷಿ ಬಿಟ್ಟು ಬೇರೇನೂ ಬೆಳೆಯದ ಗುಡ್ಡಗಳ ನಡುವೆ ಸೈಕಲ್ ತುಳಿಯುತ್ತಿದ್ದೇನೆ. ನಮ್ಮ ಪರದೆ ಹೊಲಿಯುವ ಕಾರ್ಖಾನೆಯ ಛಾವಣಿ ಸೋರುತ್ತಿತ್ತು, ರಿಪೇರಿಗೆಂದು ಒಂದು ವಾರ ರಜೆ ಕೊಟ್ಟರು. ನನ್ನ ಜೊತೆ ಕೆಲಸ ಮಾಡುವ ಇಬ್ಬರ ಬಗ್ಗೆ ಹೇಳಿದ್ದೆನಲ್ಲ, ಬಟ್ಟೆ ಕತ್ತರಿಸುವವಳು ಮತ್ತು ಗುಂಡಿ ಹಾಕುವವಳು. ಎಲ್ಲರೂ ಅವರನ್ನು ಕತ್ತರಿ, ಗುಂಡಿ ಎಂದೇ ಕರೆಯುವುದು. ಕತ್ತರಿಗೆ ಐವತ್ತು ತುಂಬಿತು. "ಐವತ್ತು ವರ್ಷ ಊರು ಬಿಟ್ಟು ಹೋಗಿಲ್ಲ ಕಣ್ರೇ, ಈಗ್ಲಾದ್ರೂ ಹೋಗೋಣ" ಎಂದು ನಮ್ಮಿಬ್ಬರನ್ನೂ ಎಳೆದುಕೊಂಡು ಹೊರಟಳು. ಎಲ್ಲಿಗೆ ಎಂದು ಕೇಳುವ ಮೊದಲೇ ಟಿಕೆಟ್ ತೆಗೆದಿದ್ದಳು. ಗುಂಡಿ ಬಾಯಲ್ಲಿ ಬೇಡ ಬೇಡ ಎನ್ನುತ್ತಲೇ ಹೊಸ ಚಪ್ಪಲಿ ಕೊಂಡಳು. ನಿನ್ನ ಅಳಿಯ ಮಗುವನ್ನು ನೋಡಿಕೊಳ್ಳುತ್ತೇನೆ, ಹೋಗಿ ಬಾ ಎಂದರು. ಎಲ್ಲಿಗೆ ಎಂದು ತಿಳಿದಾಗ ನಾನೇ ಹಿಂದೆ ಸರಿದಿದ್ದೆ. ಕತ್ತರಿ ಬಿಡಬೇಕಲ್ಲ. "ನೀನು ಕುಡೀಬೇಡ ಮಾರಾಯ್ತಿ, ನಮ್ಮ ಸೈಕಲ್ ಕೆಟ್ರೆ ರಿಪೇರಿ ಮಾಡೋಕೆ ಬಾ" ಎಂದಳು. ನಿನ್ನ ಮಗಳಾದ ತಪ್ಪಿಗೆ ಬಂದೆ.

ಇಲ್ಲಿಯ ವ್ಯವಸ್ಥೆ ನಿನಗೆ ಬಹಳ ಹಿಡಿಸುತ್ತಿತ್ತು. ಬಸ್ಸಿನ ಹಿಂಭಾಗದಲ್ಲಿ ಕೊಕ್ಕೆಗಳಿವೆ. ಸೈಕಲ್ ಅಲ್ಲಿ ನೇತು ಹಾಕಿ ನಾವು ಒಳಗೆ ಕೂರುವುದು. ಬಸ್ಸು ಗುಡ್ಡದ ಮೇಲೆ ಬಿಟ್ಟು ಹೋಗುತ್ತದೆ. ಅಲ್ಲಿಂದ ಒಂದು ತೋಟದಿಂದ ಇನ್ನೊಂದಕ್ಕೆ ಇಳಿಯುತ್ತಾ ಬರಬೇಕು, ಹೆಚ್ಚು ತುಳಿಯುವ ಕೆಲಸವೇ ಇಲ್ಲ. ಬಾಡಿಗೆಗೆ ಕೊಟ್ಟವನು ಬ್ರೇಕು ಎಷ್ಟು ಸಡಿಲ ಬಿಟ್ಟಿದ್ದನೆಂದರೆ, ಹೊರಡುವ ಮೊದಲು ಮೂರೂ ಸೈಕಲ್ಲುಗಳನ್ನು ಮಗುಚಿ ಹಾಕಿ ನಾನೇ ಬಿಗಿಮಾಡಿದೆ. ಅವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಯಾರು ಕಲಿಸಿದರು ಎಂದು ಕೇಳಿದ. ನಮ್ಮಪ್ಪ ಎಂದೆ. ಆ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಮೊದಲ ದಿನದ ಕಥೆ ಕೇಳು. ತೋಟದವರು ಮೇಜಿನ ಮೇಲೆ ಲೋಟಗಳನ್ನು ಸಾಲಾಗಿಟ್ಟು ಒಂದೊಂದು ಗುಟುಕು ಹಾಕಿ ಕೊಡುತ್ತಾರೆ. ಪಕ್ಕದಲ್ಲೊಂದು ಬಕೆಟ್ಟು. ರುಚಿ ನೋಡಿ ಅದರಲ್ಲಿ ಉಗಿಯಬೇಕು, ಅದೇ ಇಲ್ಲಿಯ ಪದ್ಧತಿ. ನಮಗೆ ಯಾರು ಹೇಳಬೇಕು? ಕೊಟ್ಟಿದ್ದನ್ನು ಉಗಿಯುವುದುಂಟೇ ಎಂದು ಇವರಿಬ್ಬರೂ ನಯವಾಗಿ ಎಲ್ಲವನ್ನೂ ನುಂಗಿದರು. ಪಕ್ಕದ ಮೇಜಿನವರು ಉಗಿಯುತ್ತಿದ್ದುದನ್ನು ಕಂಡ ಗುಂಡಿಗೆ ಕರುಳು ಚುರುಕ್ ಎಂದಿತು. "ಪಾಪ, ಅವ್ರಿಗೆ ಸೇರಲಿಲ್ಲ ಅನ್ಸತ್ತೆ. ತೋಟದವ್ರು ಎಷ್ಟು ನೊಂದ್ಕೋತಾರೋ" ಎಂದು, ಅವರ ಸಮಾಧಾನಕ್ಕೆಂದೇ ಇನ್ನೆರಡು ಕೇಳಿ ಕುಡಿದಳು. ಹನ್ನೊಂದು ಲೋಟ ಅಪ್ಪಾ. ಆಮೇಲೆ ಇಬ್ಬರ ಕೈಗೂ ಹ್ಯಾಂಡಲ್ ನಿಲ್ಲಲಿಲ್ಲ. ಮೂರು ಸೈಕಲ್ಲುಗಳನ್ನು ಸರದಿಯ ಮೇಲೆ ಬಸ್ಸಿನ ತನಕ ತಳ್ಳಿದವಳು ನಾನು. ಅವರು ಹಿಂದಿನಿಂದ ಹಾಡು ಹೇಳಿಕೊಂಡು ಬಂದರು.

ನಾನು ಕುಡಿಯಲಿಲ್ಲ. ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲ ಎಂದು ಲೋಟ ಎತ್ತಿ ಮೂಸಿ ಕೆಳಗಿಟ್ಟೆ. ಮೂರನೆಯದನ್ನು ಮೂಸಿದಾಗ, ಇದು ಇವತ್ತು ತೆರೆದ ಬಾಟಲಿಯದಲ್ಲ, ನಿನ್ನೆಯದು ಎಂದುಬಿಟ್ಟೆ. ಸುರಿದು ಕೊಡುತ್ತಿದ್ದ ಹೆಂಗಸು ಕೈಯಲ್ಲಿದ್ದುದನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ಹೌದಂತೆ, ನಿನ್ನೆ ಸಂಜೆಯದಂತೆ. ಆಮೇಲೆ ಅವಳು ಒಂದೊಂದಾಗಿ ಮೂಗಿಗೆ ಹಿಡಿದು ಪರೀಕ್ಷೆ ಮಾಡಿದಳು. ಯಾವುದು ಖಾರ, ಯಾವುದು ತೆಳು, ಎರಡು ಲೋಟದಲ್ಲಿರುವುದು ಒಂದೇಯೋ ಬೇರೆಯೋ. ನಾನು ಒಂದೂ ತಪ್ಪಲಿಲ್ಲ. "ಇಂಥ ಮೂಗು ಎಲ್ಲಿ ಪಳಗಿಸಿದ್ರಿ?" ಎಂದು ಕೇಳಿದಳು. ಕತ್ತರಿ ಮತ್ತು ಗುಂಡಿ ನಾನೇನೋ ಬಹುಮಾನ ಗೆದ್ದ ಹಾಗೆ ಚಪ್ಪಾಳೆ ತಟ್ಟಿದರು. ನಾನು ಲೋಟವನ್ನು ಅವಳ ಕಡೆಗೆ ಸರಿಸಿ, ಸೈಕಲ್ ನೋಡುವ ನೆಪದಲ್ಲಿ ಎದ್ದು ಹೊರಗೆ ಹೋದೆ.

ನಿನಗೆ ಹೇಳುತ್ತೇನೆ. ನಮ್ಮ ಮನೆಯ ಬಾಗಿಲಲ್ಲಿ ಪಳಗಿಸಿದೆ ಅಪ್ಪಾ. ನೀನು ಸಂಜೆ ಸೈಕಲ್ ನಿಲ್ಲಿಸುವ ಸದ್ದು ಕೇಳಿದ ಕೂಡಲೇ ಅಮ್ಮ ನನ್ನನ್ನು ಕಳಿಸುತ್ತಿದ್ದಳು. ಓಡಿ ಬಂದು ತಬ್ಬಿಕೊಂಡು, ನಿನ್ನ ಅಂಗಿಗೆ ಮುಖ ಒತ್ತಿ ಮೂಸುವುದು ನನ್ನ ಕೆಲಸ. ಕುಡಿದಿದ್ದರೆ ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆ ಹಾಕಿಕೊಂಡು ಒಳಗೆ ಹೋಗಬೇಕು. ಇಲ್ಲದಿದ್ದರೆ ಜಡೆ ಬೆನ್ನ ಮೇಲೇ ಇರಬೇಕು. ಅದನ್ನು ನೋಡಿ ಅಮ್ಮ ಆ ದಿನ ಬಾಯಿ ಬಿಡಬಹುದೋ, ಉಸಿರೆತ್ತದೆ ಬಡಿಸಿ ಸುಮ್ಮನಿರಬೇಕೋ ಎಂದು ತೀರ್ಮಾನಿಸುತ್ತಿದ್ದಳು. ಆಗ ತಾನೇ ಕುಡಿದದ್ದು, ಮಧ್ಯಾಹ್ನ ಕುಡಿದದ್ದು, ಏಲಕ್ಕಿ ಜಗಿದು ಮುಚ್ಚಿಟ್ಟದ್ದು, ಎಲ್ಲವನ್ನೂ ಬೇರೆ ಬೇರೆಯಾಗಿ ಹೇಳಬಲ್ಲವಳಾಗಿದ್ದೆ. ನೀನು ಅಂಗಡಿಗೆ ಬಂದವರಿಗೆಲ್ಲ "ನನ್ನ ಮಗಳಿಗೆ ನಾನಂದ್ರೆ ಪ್ರಾಣ, ಬಾಗಿಲಿಗೇ ಓಡಿ ಬರ್ತಾಳೆ" ಎಂದು ಹೇಳಿಕೊಳ್ಳುತ್ತಿದ್ದೆ. ಅದನ್ನು ಕೇಳಿದಾಗಲೆಲ್ಲ ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. ಈಗ ನಿನ್ನ ಪತ್ರದಲ್ಲೂ ಅದನ್ನೇ ಓದಿದರೆ ನಾನು ಏನೆಂದು ಬರೆಯಲಿ?

ಒಂದೇ ಒಂದು ದಿನ ನಾನು ಮೂಸಲಿಲ್ಲ. ನನಗೆ ಹನ್ನೊಂದು. ನೀನು ಶಾಲೆಯ ಗೇಟಿಗೇ ಬಂದಿದ್ದೆ. ಗೆಳತಿಯರ ಎದುರು ನಾಚಿಕೆಯಾಗಿ ತಬ್ಬಿಕೊಳ್ಳದೆ ನೇರವಾಗಿ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಹತ್ತಿ ಕೂತೆ. ತಿರುವಿನಲ್ಲಿ ಮೋರಿಗೆ ಬಿದ್ದೆವು. ನನ್ನ ಎಡಗೈ ಮಣಿಕಟ್ಟು ಇವತ್ತಿಗೂ ಪೂರ್ತಿ ತಿರುಗುವುದಿಲ್ಲ, ಚಳಿಗಾಲದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತರೆ ನೋಯುತ್ತದೆ. ನೀನು ತಪ್ಪು ನಿನ್ನದೆಂದು ಅಂದೇ ಅತ್ತೆ, ಆಮೇಲೆಯೂ ಅತ್ತೆ. ನಾನು ಮಾತ್ರ ತಪ್ಪು ನನ್ನದೆಂದೇ ತಿಳಿದಿದ್ದೆ, ಮೂಸಿ ನೋಡಬೇಕಿತ್ತು ಎಂದು. ನೀನು ಕುಡಿತ ಬಿಟ್ಟು ಎಂಟು ವರ್ಷವಾಯಿತು. ಅಮ್ಮ ಹೋಗುವ ಮೊದಲು ಎರಡು ವರ್ಷ ಅದನ್ನು ಕಣ್ಣಾರೆ ನೋಡಿದಳು, "ನಿಜವಾಗ್ಲೂ ಬಿಟ್ಟಿದಾರೆ ಕಣೆ" ಎಂದು ನನಗೆ ಎಷ್ಟೋ ಸಲ ಹೇಳಿದಳು. ನಾನು ನಂಬಿದ್ದೇನೆ. ಆದರೆ ವರ್ಷಕ್ಕೊಮ್ಮೆ ಮಗುವನ್ನು ಕರೆದುಕೊಂಡು ಬಂದಾಗ ಒಂದು ಗಂಟೆ ಕೂತು ಎದ್ದುಬಿಡುತ್ತೇನೆ. ನೀರು ಕುಡಿಯಲೂ ಅವಳನ್ನು ನಿನ್ನ ಹತ್ತಿರ ಬಿಟ್ಟು ಒಳಗೆ ಹೋಗುವುದಿಲ್ಲ. ನೀನು ಗಮನಿಸಿದ್ದೀಯ. ಒಂದು ಮಾತೂ ಆಡಿಲ್ಲ.

ಇನ್ನು ನಿನ್ನೆಯದು. ಎಲ್ಲಕ್ಕಿಂತ ಮೇಲಿನ ತೋಟದ ಅಂಗಳಕ್ಕೆ ಬರುವಾಗ ಗುಂಡಿಯ ಹಿಂದಿನ ಚಕ್ರ ಪಂಕ್ಚರ್. ಸೀಟಿನ ಕೆಳಗೆ ಸಾಮಾನಿನ ಪೊಟ್ಟಣವಿತ್ತು. ಎರಡು ಚಮಚದ ಹಿಡಿಯಿಂದ ಟೈರು ಎಬ್ಬಿಸಿ, ಟ್ಯೂಬು ಹೊರಗೆಳೆದು, ಗಾಳಿ ಹೊಡೆದು, ಯಾರಾದರೂ ಒಂದು ಬಕೆಟ್ಟು ನೀರು ತನ್ನಿ ಎಂದೆ. ಗುಂಡಿ ವೈನ್ ಪೀಪಾಯಿಗಳನ್ನಿಡುವ ನೆಲಮಾಳಿಗೆಯ ಬಾಗಿಲ ಬಳಿಯಿದ್ದ ಬಕೆಟ್ಟನ್ನೇ ಎತ್ತಿಕೊಂಡು ಬಂದಳು. ನೀರು ಕೆಂಪಗಿತ್ತು, ಪೀಪಾಯಿ ತೊಳೆದ ನೀರೇನೋ ಎಂದು ನಾನು ಟ್ಯೂಬನ್ನು ಅದ್ದಿದೆ. ಗುಳ್ಳೆ ಎದ್ದಿತು, ತೂತು ಸಿಕ್ಕಿತು, ಜೊತೆಗೆ ವಾಸನೆಯೂ ಎದ್ದಿತು. ಬೆಳಗಿನಿಂದ ಬಂದವರೆಲ್ಲ ಉಗಿದಿದ್ದ ಬಕೆಟ್ಟು ಅದು. ಕತ್ತರಿ ನೆಲಕ್ಕೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಗುತ್ತಲೇ ಒರೆಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿದೆ. ನೀನು ಮಾಡುವಂತೆಯೇ ಬೆರಳಲ್ಲಿ ತೆಳ್ಳಗೆ ಹರಡಿ, ಒಣಗಲೆಂದು ಮುಖದ ಹತ್ತಿರ ತಂದು ಊದಿದೆ.

ರಬ್ಬರು, ಸೊಲ್ಯೂಷನ್ನು, ಮೇಲೆ ಹೆಂಡ. ಅದು ನಿನ್ನ ಅಂಗಿಯ ವಾಸನೆ ಅಪ್ಪಾ, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲ. ಮೂವತ್ತು ವರ್ಷದ ಮೇಲೆ ನೀನು ಎದುರಿಗೆ ಬಂದು ನಿಂತ ಹಾಗಾಯಿತು. ಹೆದರಿಕೆಯಾಗಬೇಕಿತ್ತು. ಹಾಗಾಗಲಿಲ್ಲ, ನಿನ್ನನ್ನು ನೋಡಬೇಕೆನ್ನಿಸಿತು. ಟ್ಯೂಬು ಕೈಯಲ್ಲಿ ಹಿಡಿದುಕೊಂಡು ಆ ಅಂಗಳದಲ್ಲಿ ಕೂತು ಅತ್ತೆ. ಗುಂಡಿ ಪಾಪ, ತನ್ನ ಬಕೆಟ್ಟಿನಿಂದಲೇ ಅನಾಹುತವಾಯಿತೆಂದು ನನ್ನ ಬೆನ್ನು ಸವರುತ್ತಾ ತಾನೂ ಅಳಲು ಶುರುಮಾಡಿದಳು.

ನೆಲಮಾಳಿಗೆಯ ಮೇಸ್ತ್ರಿ ಹೊರಗೆ ಬಂದ. ನಿನ್ನ ವಯಸ್ಸಿನವನೇ. ಬೈಯುತ್ತಾನೆ ಎಂದುಕೊಂಡರೆ ಒಳಗೆ ಹೋಗಿ ಒಳ್ಳೆಯ ನೀರು ತಂದುಕೊಟ್ಟು ನಮ್ಮ ಜೊತೆ ಕಲ್ಲಿನ ಮೇಲೆ ಕೂತ. ಕತ್ತರಿಗೆ ಬಾಯಿ ಸುಮ್ಮನಿರುತ್ತದೆಯೇ, ದಿನವಿಡೀ ಇದರ ನಡುವೆ ಇದ್ದು ಮನೆಗೆ ಹೇಗೆ ಹೋಗುತ್ತೀರಿ ಎಂದು ಕೇಳಿಯೇಬಿಟ್ಟಳು. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಒಂದು ಕಾಲದಲ್ಲಿ ಹೇಗೆ ಹೋಗ್ತಿದ್ದೆ ಅಂತ ಕೇಳ್ಬೇಡಿ. ಈಗ ಬರೀ ಬಾಯಿಗೆ ಹಾಕ್ಕೊಂಡು ಉಗೀತೀನಿ. ಸೈಕಲ್ಲಲ್ಲಿ ಮನೆಗೆ ಹೋಗ್ತೀನಿ. ಬಾಗಿಲು ತೆಗೆದ ತಕ್ಷಣ ಹೆಂಡ್ತಿ ಊದು ಅಂತಾಳೆ, ಊದ್ತೀನಿ. ಹದಿನಾಲ್ಕು ವರ್ಷ ಆಯ್ತು." ಇಷ್ಟು ವರ್ಷವಾದ ಮೇಲೂ ಅನುಮಾನವೇ, ಬೇಸರವಾಗುವುದಿಲ್ಲವೇ ಎಂದು ನಾನು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿ, "ಊದೋಕೆ ಎಷ್ಟು ಹೊತ್ತು ಬೇಕಮ್ಮಾ? ಅವಳು ಬಾಗಿಲು ತೆಗೀತಾಳಲ್ಲ" ಎಂದ. ಆಮೇಲೆ ಎದ್ದು ತನ್ನ ಬಕೆಟ್ಟು ಎತ್ತಿಕೊಂಡು ಹೋದ.

ಅಲ್ಲಿಂದ ಇಳಿಯುವಾಗ ಗುಂಡಿಯ ಸೈಕಲ್ ದಾರಿಯುದ್ದಕ್ಕೂ ಕುಡುಕನಂತೆ ನಾತ ಹೊಡೆಯುತ್ತಿತ್ತು, ಆದರೆ ನೇರವಾಗಿ ಹೋಯಿತು. ತೇಪೆ ಇನ್ನೂ ನಿಂತಿದೆ. ಇವತ್ತು ಬೆಳಿಗ್ಗೆ ಎದ್ದು ಮೊದಲು ಅದನ್ನೇ ಒತ್ತಿ ನೋಡಿದೆ.

ಕೆಳಗಿನಿಂದ ಕತ್ತರಿ ಕೂಗುತ್ತಿದ್ದಾಳೆ, ಬಸ್ಸಿಗೆ ಹೊತ್ತಾಯಿತಂತೆ. ಇವರಿಬ್ಬರೂ ನಿನಗೆ ನಮಸ್ಕಾರ ಹೇಳಿದ್ದಾರೆ. ಪಂಕ್ಚರ್ ಹಾಕಲು ಕಲಿಸಿದ್ದಕ್ಕೆ ಗುಂಡಿಯದು ವಿಶೇಷ ನಮಸ್ಕಾರ. ಇಷ್ಟು ಬರೆದ ಮೇಲೆ ನಿನಗೆ ಸಿಟ್ಟು ಬಂದರೆ ಬರಲಿ. ಮಂಡಿಗೆ ಪಟ್ಟಿ ಕಟ್ಟಿಕೋ, ಕಿಟಕಿಗೆ ಗಾಜು ಹಾಕಿಸು, ಹುಷಾರಾಗಿರು.

ನಿನ್ನ
ಮಗಳು

ಮರೆತೆ: ಪತ್ರ ಅಂಟಿಸಿದ್ದವಳು ಮತ್ತೆ ಬಿಚ್ಚಿದೆ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಬರೆದಿರಲಿಲ್ಲ. ಬಾ. ಮುಂದಿನ ಶನಿವಾರ ಹನ್ನೊಂದರ ಬಸ್ಸಿಗೆ ಬಾ. ಮಗುವಿಗೆ ಇನ್ನೂ ಸೈಕಲ್ ಕೊಂಡಿಲ್ಲ, ನೀನೇ ನೋಡಿ ಆರಿಸು. ಹಿಂದಿನಿಂದ ಸೀಟು ಹಿಡಿದು ಓಡುವುದು ನಿನ್ನ ಮಂಡಿಗೆ ಆದಷ್ಟು ನಿನ್ನದು, ಮಿಕ್ಕಿದ್ದು ನನ್ನದು. ನಾನು ನಮ್ಮೂರ ನಿಲ್ದಾಣದಲ್ಲೇ ಇರುತ್ತೇನೆ. ನೀನು ಇಳಿದ ಕೂಡಲೇ ಓಡಿ ಬಂದು ತಬ್ಬಿಕೊಳ್ಳುತ್ತೇನೆ. ಮೂಸುತ್ತೇನೆ ಅಪ್ಪಾ, ಸುಳ್ಳು ಹೇಳುವುದಿಲ್ಲ. ಪ್ರತಿ ಸಲವೂ ಮೂಸುತ್ತೇನೆ, ನೀನು ಸಹಿಸಿಕೊಳ್ಳಬೇಕು. ಆದರೆ ಈಗ ನನಗೆ ಜಡೆಯಿಲ್ಲ, ಒಳಗೆ ಓಡಿ ಹೋಗಿ ತೋರಿಸಲು ಅಮ್ಮನೂ ಇಲ್ಲ. ಮೂಸಿ ಆದ ಮೇಲೂ ನಾನು ಬಿಡುವುದಿಲ್ಲ, ಸ್ವಲ್ಪ ಹೊತ್ತು ಹಾಗೇ ನಿಂತಿರು.