ಕೋಟೆಗೋಡೆಗೆ ಸ್ನಾನ

ಅಜ್ಜಿ, ಕೋಟೆಗೋಡೆ ಉಜ್ಜಿ ಉಜ್ಜಿ ನನ್ನ ಅಂಗೈ ತುಂಬ ಬೊಬ್ಬೆ, ಮುಲಾಮು ಕಳಿಸು. ಚೊಕ್ಕ ಊರಿನ ಸ್ಪರ್ಧೆಯಲ್ಲಿ ಈ ಸಲ ನಿನ್ನ ಊರಿನ ತಂಡವನ್ನು ಸೋಲಿಸಲೇಬೇಕೆಂದು ಚಿಕ್ಕಮ್ಮನ ಊರು ಕಿಲ್‌ಬ್ರಾಕನ್ ಹಠ ಹಿಡಿದಿತ್ತು. ತೀರ್ಪುಗಾರರು ಹೇಳದೆ ಕೇಳದೆ ಬರುತ್ತಾರಲ್ಲ, ಸೋಮವಾರ ನೋಟ್‌ಬುಕ್ ಹಿಡಿದ ಅಪರಿಚಿತನೊಬ್ಬ ಬಂದಕೂಡಲೇ ಎಲ್ಲರೂ ಇವನೇ ಅಂದುಕೊಂಡರು. ಮೂರು ಮನೆಯಲ್ಲಿ ಊಟ ಹೊಡೆದ ಅವನು ಎಂಟುನೂರು ವರ್ಷದ ಕೋಟೆಗೋಡೆ ನೋಡಿ, “ಥೂ, ಎಷ್ಟ್ ಹಳೇದಾಗಿ ಕಾಣ್ತಿದೆ!” ಅಂದ.

ಅಷ್ಟೇ! ಇಡೀ ಊರು ಗೋಡೆ ಉಜ್ಜಲು ನಿಂತಿತು. ಪಾದ್ರಿಗಳ ಕೈಯಲ್ಲೂ ಹಲ್ಲುಜ್ಜುವ ಬ್ರಷ್! “ಮೇಲೆ ಒಂಚೂರು ಪಾಚಿ ಉಳಿದಿದೆ ಫಾದರ್, ಪ್ರಾರ್ಥನೆ ಆಮೇಲ್ ಮಾಡಿ,” ಎಂದು ಚಿಕ್ಕಮ್ಮ ಗದರಿದಳು. ಗುರುವಾರ ನಿಜವಾದ ತೀರ್ಪುಗಾರ್ತಿ ಬಂದರು. ಪಳಪಳ ಹೊಳೆಯುವ ಗೋಡೆ ಸವರಿ, “ಚೆನ್ನಾಗಿದೆ. ಕಟ್ಟಿ ಎಷ್ಟ್ ತಿಂಗ್ಳಾಯ್ತು?” ಎಂದು ಕೇಳಿದರು!

ನೋಟ್‌ಬುಕ್ಕಿನವನು ಬಿಟ್ಟುಹೋದ ಉಣ್ಣೆ ಟೋಪಿ ನನ್ನ ಹತ್ತಿರವಿದೆ. ಅಂಥ ಹೆಣಿಗೆ ಹಾಕುವ ಕೈ ನಮ್ಮ ಮನೆಯಲ್ಲಿ ಒಂದೇ. ಚಿಕ್ಕಮ್ಮನಿಗೆ ಇನ್ನೂ ತೋರಿಸಿಲ್ಲ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಿನ್ನ ಮೊಮ್ಮಗಳು ಎತ್ನಾ ಕೇಳ್ತಿದಾಳೆ, ಧೈರ್ಯ ಇದ್ರೆ ಹೇಳಜ್ಜಿ: ಅವನನ್ನ ಕಳಿಸಿದ್ದು ಯಾರು?